ಕಾಡಿನ ಕಲ್ಲುದಾರಿಯಲ್ಲಿ ಮೌಂಟನ್ ಬೈಕ್: ಟೈರಿನ ಗಾಳಿಯಿಂದ ಬಂಡೆಯ ಇಳಿತದವರೆಗೆ

ಸಿಂಗಲ್‌ಟ್ರ್ಯಾಕ್ ಎಂದರೆ ಒಂದು ಸೈಕಲ್ ಮಾತ್ರ ಹಿಡಿಸುವ ಕಾಡಿನ ಕಾಲುದಾರಿ. ಎರಡೂ ಕಡೆ ಮರ, ಕೆಳಗೆ ಬೇರು, ತರಗೆಲೆ, ಅವುಗಳ ನಡುವೆ ತಲೆಯೆತ್ತಿದ ಕಲ್ಲುಗಳು. ಇಂಥ ದಾರಿಗೆ ಹೊಸಬರನ್ನು ಕರೆದುಕೊಂಡು ಹೋದಾಗಲೆಲ್ಲ ಒಂದು ಸಂಗತಿ ನನ್ನ ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಹೆಚ್ಚಿನವರು ಬೀಳುವುದು ನಡಿಗೆಯಷ್ಟು ನಿಧಾನವಾದ ವೇಗದಲ್ಲಿ. ಕಲ್ಲುಗಳ ಮಧ್ಯೆ ಬಂದ ಮೇಲೆ ಹೆದರಿಕೆಯಾಗುತ್ತದೆ, ಬೆರಳುಗಳು ತಾವಾಗಿಯೇ ಬ್ರೇಕನ್ನು ಬಿಗಿಯುತ್ತವೆ, ಮುಂದಿನ ಚಕ್ರ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿ ನಿಲ್ಲುತ್ತದೆ, ಮೈ ಮಾತ್ರ ಮುಂದಕ್ಕೆ ಹೋಗುತ್ತದೆ. ಅದಕ್ಕಾಗಿಯೇ ಯಾರಿಗೆ ಕಲಿಸಿದರೂ ನಾನು ಮೊದಲು ಹೇಳುವುದು ಇಷ್ಟು: ವೇಗ ಇಳಿಸುವುದು, ಜಾಡು ಆರಿಸುವುದು, ಗೇರ್ ಬದಲಿಸುವುದು, ಇವೆಲ್ಲ ಕಲ್ಲು ಸಿಗುವ ಮೊದಲೇ ಮುಗಿದಿರಬೇಕು. ಕಲ್ಲಿನ ಮೇಲೆ ಉಳಿಯುವ ದೊಡ್ಡ ಕೆಲಸವೆಂದರೆ ಸೈಕಲ್ಲನ್ನು ಅದರ ಪಾಡಿಗೆ ಕುಣಿಯಲು ಬಿಡುವುದು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅಭ್ಯಾಸ ಮಾಡಿ. ಮೊದಲ ಮೂರು ಮನೆಯಲ್ಲೇ ಆಗುವಂಥವು. ನಂತರದ ಮೂರಕ್ಕೆ ಒಂದು ಸಮತಟ್ಟಾದ ಬಯಲು ಸಾಕು. ಕಾಡಿಗೆ ಹೋಗುವುದು ಆಮೇಲೆ.

ಹಂತ 1: ಸೈಕಲ್ಲನ್ನು ಸಜ್ಜು ಮಾಡಿಕೊಳ್ಳಿ

ಎರಡೂ ಚಕ್ರಗಳಿಗೆ ಸಸ್ಪೆನ್ಷನ್ ಇರುವ ಸೈಕಲ್ ಇದ್ದರೆ ಆರಾಮ. ಆದರೆ ಕಲಿಯಲು, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್‌ಗೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಧಾರಾಳವಾಗಿ ಸಾಕು. ಹಾರ್ಡ್‌ಟೇಲ್ ನಿಮ್ಮ ತಪ್ಪನ್ನು ಮುಚ್ಚಿಡುವುದಿಲ್ಲ. ಎಲ್ಲಿ ಜಾಡು ತಪ್ಪಿತು ಎಂಬುದನ್ನು ಆ ಕ್ಷಣವೇ ಬೆನ್ನಿಗೆ ತಿಳಿಸಿಬಿಡುತ್ತದೆ. 29 ಇಂಚಿನ ಚಕ್ರ 27.5 ಇಂಚಿನ ಚಕ್ರಕ್ಕಿಂತ ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ, ಚಿಕ್ಕದು ಬಿಗಿಯಾದ ತಿರುವುಗಳಲ್ಲಿ ಚುರುಕು. ಇದೊಂದಕ್ಕಾಗಿ ಸೈಕಲ್ ಬದಲಿಸಬೇಕಾಗಿಲ್ಲ. ಡಿಸ್ಕ್ ಬ್ರೇಕ್ ಮಾತ್ರ ಇರಲೇಬೇಕು.

ನಾನು ಬಲವಾಗಿ ಶಿಫಾರಸು ಮಾಡುವ ಭಾಗವೆಂದರೆ ಡ್ರಾಪರ್ ಪೋಸ್ಟ್. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿ ಸೀಟಿನ ಮೇಲೆ ಭಾರ ಹಾಕಿದರೆ ಓಡುವ ಸೈಕಲ್ಲಿನಲ್ಲೇ ಅದು ಕೆಳಗಿಳಿಯುತ್ತದೆ. ಸೀಟು ಎತ್ತರದಲ್ಲಿದ್ದರೆ ಮೈಯನ್ನು ತಗ್ಗಿಸಲು, ಸೈಕಲ್ಲನ್ನು ಕಾಲುಗಳ ನಡುವೆ ಆಚೀಚೆ ಆಡಿಸಲು ಜಾಗವೇ ಸಿಗುವುದಿಲ್ಲ. ಡ್ರಾಪರ್ ಇಲ್ಲದವರು ಇಳಿಜಾರಿಗೆ ಮೊದಲು ನಿಂತು, ಸೀಟನ್ನು ಕೈಯಿಂದಲೇ ಏಳೆಂಟು ಸೆಂಟಿಮೀಟರ್ ಇಳಿಸಿಕೊಳ್ಳಲಿ. ಅರ್ಧ ನಿಮಿಷದ ಕೆಲಸ.

ಬ್ರೇಕ್ ಲಿವರ್‌ಗಳನ್ನು ತೋರುಬೆರಳಿನ ತುದಿಯ ಗೆಣ್ಣು ಸಹಜವಾಗಿ ಕೊಕ್ಕೆಯಂತೆ ಕೂರುವ ಹಾಗೆ ಒಳಕ್ಕೆ ಸರಿಸಿ. ಒಂದು ಬೆರಳು ಬ್ರೇಕಿಗೆ, ಉಳಿದ ಮೂರು ಹಿಡಿಗೆ. ಪೆಡಲ್ ವಿಷಯದಲ್ಲಿ, ಬೂಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಪೆಡಲ್‌ಗಿಂತ ಸಣ್ಣ ಮೊಳೆಗಳಿರುವ ಅಗಲವಾದ ಚಪ್ಪಟೆ ಪೆಡಲ್ ಕಲಿಯುವವರಿಗೆ ಒಳ್ಳೆಯದು. ಕಲ್ಲಿನ ಮೇಲೆ ತೂಕ ತಪ್ಪಿದಾಗ ಕಾಲು ತಕ್ಷಣ ನೆಲಕ್ಕೆ ಬರಬೇಕು.

ಹಂತ 2: ಟೈರಿನ ಗಾಳಿಯನ್ನು ಅಳೆದು ತುಂಬಿ

ಸಾವಿರಾರು ಖರ್ಚು ಮಾಡಿ ಬದಲಿಸುವ ಬಿಡಿಭಾಗಗಳಿಗಿಂತ ಹೆಚ್ಚಿನ ವ್ಯತ್ಯಾಸ ಗಾಳಿಯಿಂದ ಬರುತ್ತದೆ. ಅದರಿಂದಲೇ ಈ ಹಂತದಲ್ಲಿ ಸ್ವಲ್ಪ ನಿಲ್ಲುತ್ತೇನೆ.

ರಸ್ತೆಯ ಅಭ್ಯಾಸ ಇರುವವರು ಟೈರನ್ನು ಕಲ್ಲಿನಂತೆ ಗಟ್ಟಿ ಮಾಡಿಕೊಂಡು ಬರುತ್ತಾರೆ. ಕಾಡಿನಲ್ಲಿ ಆ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಪುಟಿದಾಗಲೆಲ್ಲ ಹಿಡಿತ ಹೋಗುತ್ತದೆ. ಗಾಳಿ ಕಡಿಮೆಯಿದ್ದರೆ ಟೈರು ಕಲ್ಲಿನ ಆಕಾರಕ್ಕೆ ಬಗ್ಗಿ ಅದನ್ನು ಅಪ್ಪಿಕೊಳ್ಳುತ್ತದೆ. ತೀರಾ ಕಡಿಮೆಯಾದರೆ ಕಲ್ಲು ನೇರವಾಗಿ ರಿಮ್ಮಿಗೆ ಬಡಿಯುತ್ತದೆ. ಈ ಎರಡರ ನಡುವಿನ ಜಾಗ ಬಹಳ ಕಿರಿದು.

ಸುಮಾರು 70 ಕಿಲೋ ತೂಕದ ಸವಾರರಿಗೆ, 2.4 ಇಂಚು ಅಗಲದ ಟ್ಯೂಬ್‌ಲೆಸ್ ಟೈರಿನಲ್ಲಿ, ಮುಂದೆ 21 ಮತ್ತು ಹಿಂದೆ 24 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒಳ್ಳೆಯ ಆರಂಭ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು ಬೀಳುವುದರಿಂದ ಅಲ್ಲಿ ಎರಡು ಮೂರು ಪಿಎಸ್‌ಐ ಹೆಚ್ಚಿರಬೇಕು. ಒಳಗೆ ಟ್ಯೂಬ್ ಇದ್ದರೆ ಎರಡೂ ಕಡೆ ಮೂರರಿಂದ ಐದು ಸೇರಿಸಿ. ತೂಕ ಹೆಚ್ಚಿರುವವರು ಸ್ವಲ್ಪ ಏರಿಸಬೇಕು, ಹಗುರವಾಗಿರುವವರು ಇಳಿಸಬೇಕು. ಆಮೇಲೆ ಒಂದೇ ಕಲ್ಲಿನ ತುಣುಕನ್ನು ಮೂರು ನಾಲ್ಕು ಸಲ ದಾಟಿ ನೋಡಿ. ರಿಮ್ಮಿಗೆ ಕಲ್ಲು ತಾಗಿ ಠಣ್ ಎಂಬ ಸದ್ದು ಬಂದರೆ ಆ ಚಕ್ರಕ್ಕೆ ಒಂದು ಎರಡು ಪಿಎಸ್‌ಐ ಏರಿಸಿ. ಸದ್ದೇ ಇಲ್ಲದೆ ಚಕ್ರ ಚೆಂಡಿನಂತೆ ಪುಟಿಯುತ್ತಿದ್ದರೆ ಒಂದು ಇಳಿಸಿ. ಪಂಪಿನ ಮುಳ್ಳು ಇಷ್ಟು ಸಣ್ಣ ವ್ಯತ್ಯಾಸವನ್ನು ಸರಿಯಾಗಿ ತೋರಿಸದು. ಅಂಗೈಯಲ್ಲಿ ಹಿಡಿಸುವ ಡಿಜಿಟಲ್ ಗೇಜ್ ಇಟ್ಟುಕೊಳ್ಳಿ.

ಸಾಧ್ಯವಿದ್ದರೆ ಟ್ಯೂಬ್‌ಲೆಸ್ ಮಾಡಿಸಿ. ಟ್ಯೂಬ್ ಇರುವ ಟೈರನ್ನು ಚೂಪಾದ ಕಲ್ಲು ರಿಮ್ಮಿಗೆ ಅದುಮಿದಾಗ ಟ್ಯೂಬ್ ನಡುವೆ ಸಿಕ್ಕಿಕೊಂಡು ಹರಿಯುತ್ತದೆ. ಬಿಚ್ಚಿ ನೋಡಿದರೆ ಬೆರಳಗಲದ ಅಂತರದಲ್ಲಿ ಎರಡು ಸಣ್ಣ ಸೀಳು, ಹಾವು ಕಚ್ಚಿದ ಗುರುತಿನಂತೆ. ಟ್ಯೂಬ್‌ಲೆಸ್‌ನಲ್ಲಿ ಆ ತೊಂದರೆಯಿಲ್ಲ, ಸಣ್ಣ ತೂತನ್ನು ಒಳಗಿನ ಸೀಲೆಂಟ್ ದ್ರವ ತಾನೇ ಮುಚ್ಚುತ್ತದೆ. ಆ ದ್ರವ ಒಣಗಿಹೋಗುವಂಥದ್ದು. ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬುತ್ತಿರಿ.

ಹಂತ 3: ಸಸ್ಪೆನ್ಷನ್ ಮತ್ತು ಮೈಕಾಪು

ಸವಾರಿಯ ಬಟ್ಟೆ, ಚೀಲ, ನೀರು ಎಲ್ಲ ಹಾಕಿಕೊಂಡು ಪೆಡಲ್ ಮೇಲೆ ನಿಂತಾಗ ಫೋರ್ಕ್ ತನ್ನ ಒಟ್ಟು ಚಲನೆಯ ಶೇಕಡ 15ರಿಂದ 20ರಷ್ಟು ಕುಸಿಯಬೇಕು. ಹಿಂದಿನ ಶಾಕ್ ಇದ್ದರೆ ಅದು ಶೇಕಡ 25ರಿಂದ 30ರಷ್ಟು. 140 ಮಿಲಿಮೀಟರ್ ಫೋರ್ಕ್ ಎಂದರೆ 21ರಿಂದ 28 ಮಿಲಿಮೀಟರ್. ಫೋರ್ಕಿನ ಕಂಬಕ್ಕೆ ಇರುವ ರಬ್ಬರ್ ಉಂಗುರವನ್ನು ಕೆಳಗೆ ತಳ್ಳಿ, ಮೆಲ್ಲಗೆ ಹತ್ತಿ ನಿಂತು, ಮೆಲ್ಲಗೆ ಇಳಿದು, ಉಂಗುರ ಎಷ್ಟು ಸರಿದಿದೆ ಎಂದು ಸ್ಕೇಲಿನಿಂದ ಅಳೆಯಿರಿ. ಕಡಿಮೆ ಕುಸಿದರೆ ಫೋರ್ಕಿನೊಳಗಿನ ಗಾಳಿ ತೆಗೆಯಿರಿ, ಹೆಚ್ಚು ಕುಸಿದರೆ ತುಂಬಿ.

ಹೆಲ್ಮೆಟ್, ಪೂರ್ತಿ ಬೆರಳು ಮುಚ್ಚುವ ಗ್ಲೌಸ್, ಮೊಣಕಾಲಿನ ಪ್ಯಾಡ್, ಕಣ್ಣಿಗೆ ಪಾರದರ್ಶಕ ಕನ್ನಡಕ, ಗಟ್ಟಿ ಅಡಿಯ ಬೂಟು. ಮೊಣಕಾಲಿನ ಪ್ಯಾಡ್ ಅನೇಕರಿಗೆ ಅನಗತ್ಯವೆನ್ನಿಸುತ್ತದೆ. ಕಲ್ಲಿನ ಮೇಲೆ ಅಡ್ಡಬಿದ್ದರೆ ಮೊದಲು ತಾಗುವುದರಲ್ಲಿ ಮಂಡಿಯೂ ಒಂದು. ಕಪ್ಪು ಕನ್ನಡಕ ಬೇಡ. ಮರಗಳ ನೆರಳು ಬಿಸಿಲು ಕ್ಷಣಕ್ಷಣಕ್ಕೂ ಬದಲಾಗುವಲ್ಲಿ ನೆರಳಿನೊಳಗಿನ ಕಲ್ಲು ಕಾಣುವುದೇ ಇಲ್ಲ.

ಹಂತ 4: ಭಂಗಿಯನ್ನು ಬಯಲಿನಲ್ಲಿ ಕಲಿಯಿರಿ

ಸೀಟಿನಿಂದ ಎದ್ದು ನಿಲ್ಲಿ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿ, ನೆಲಕ್ಕೆ ಸಮಾನಾಂತರವಾಗಿರಲಿ. ಒಂದು ಪೆಡಲ್ ಕೆಳಗಿದ್ದರೆ ಕಲ್ಲಿಗೆ ಬಡಿಯುವುದು ಖಚಿತ. ಹಿಮ್ಮಡಿಯನ್ನು ಸ್ವಲ್ಪ ಕೆಳಗೆ ಬಿಡಿ. ಮಂಡಿ ಸಡಿಲ, ಸ್ವಲ್ಪ ಹೊರಕ್ಕೆ. ಸೊಂಟದಿಂದ ಬಾಗಿ, ಗಲ್ಲ ಹ್ಯಾಂಡಲ್‌ನ ನಡುಭಾಗದ ಮೇಲೆ ಬರುವಂತೆ. ಮೊಣಕೈ ಹೊರಗೆ ಚಾಚಿರಲಿ.

ಈಗ ಪರೀಕ್ಷೆ: ಒಂದು ಕ್ಷಣ ಎರಡೂ ಕೈಗಳ ಹಿಡಿತವನ್ನು ಸಡಿಲಿಸಿ, ಬೆರಳುಗಳನ್ನು ಹ್ಯಾಂಡಲ್ ಮೇಲೆ ಸುಮ್ಮನೆ ಇಟ್ಟುಕೊಳ್ಳಿ. ಮೈ ಮುಂದಕ್ಕೆ ವಾಲಿದರೆ ತೂಕ ಕೈಗಳ ಮೇಲಿದೆ. ಹಿಂದಕ್ಕೆ ಜಾರಿ ಹ್ಯಾಂಡಲ್ಲಿಗೆ ಜೋತುಬೀಳಬೇಕಾದರೆ ಸೊಂಟ ತೀರಾ ಹಿಂದಿದೆ. ತೂಕವೆಲ್ಲ ಪಾದಗಳಲ್ಲಿದ್ದು ಕೈಗಳಿಗೆ ಏನೂ ಭಾರವಿಲ್ಲದ ಜಾಗವನ್ನು ಹುಡುಕಿ. ಕಾಲು ಭಾರ, ಕೈ ಹಗುರ. ಕಲ್ಲು ಮುಂದಿನ ಚಕ್ರವನ್ನು ಎಡಕ್ಕೋ ಬಲಕ್ಕೋ ತಳ್ಳಿದಾಗ ಹಗುರವಾದ ಕೈ ಅದಕ್ಕೆ ಸ್ವಲ್ಪ ಬಿಟ್ಟುಕೊಡುತ್ತದೆ, ಚಕ್ರ ತಾನೇ ನೇರವಾಗುತ್ತದೆ. ಬಿಗಿಯಾದ ಕೈ ಆ ತಳ್ಳಾಟವನ್ನು ಹೆಗಲವರೆಗೂ ತಂದು ಇಡೀ ಮೈಯನ್ನೇ ಅಲುಗಿಸಿಬಿಡುತ್ತದೆ.

ಹಂತ 5: ಬ್ರೇಕನ್ನು ಸಾಧನವನ್ನಾಗಿ ಮಾಡಿಕೊಳ್ಳಿ

ಮುಂದಿನ ಬ್ರೇಕ್ ಎಂದರೆ ಹೆದರಿಕೆ ಬಹುಮಂದಿಗೆ. ನಿಜಕ್ಕೂ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಅದರಲ್ಲೇ ಇದೆ, ಏಕೆಂದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಹಿಂದಿನದನ್ನೇ ನಂಬಿದರೆ ಚಕ್ರ ಜಾರುತ್ತದೆ, ದಾರಿಯ ಮಣ್ಣೂ ಕಿತ್ತುಬರುತ್ತದೆ. ಬಯಲಿನಲ್ಲಿ ಒಂದು ಗುರುತು ಹಾಕಿ, ಅಲ್ಲಿ ಎರಡೂ ಬ್ರೇಕನ್ನು ಮೆಲ್ಲಗೆ ಶುರುಮಾಡಿ ಕ್ರಮೇಣ ಬಿಗಿಯುತ್ತ, ಹಿಮ್ಮಡಿಯನ್ನು ಕೆಳಗೆ ಒತ್ತಿ, ಸೊಂಟವನ್ನು ಸ್ವಲ್ಪ ಹಿಂದೆ ತಗ್ಗಿಸಿ ನಿಲ್ಲಿಸುವುದನ್ನು ಮಾಡಿ. ಚಕ್ರ ಜಾರದೆ ನಿಲ್ಲುವ ದೂರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ.

1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ದಪ್ಪ ಟೈರಿನ ಹಳೆಯ ಸೈಕಲ್‌ಗಳಲ್ಲಿ ಗುಡ್ಡ ಇಳಿಯುವ ಪಂದ್ಯ ಶುರುವಾದಾಗ, ಅವುಗಳ ಬ್ರೇಕ್ ಇದ್ದದ್ದು ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೆ. ಒಂದೇ ಇಳಿತಕ್ಕೆ ಹಬ್ ಕಾದು ಗ್ರೀಸೆಲ್ಲ ಸುಟ್ಟುಹೋಗಿ, ಮತ್ತೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಆ ದಾರಿಗೆ ರಿಪ್ಯಾಕ್, ಅಂದರೆ ಮತ್ತೆ ತುಂಬು, ಎಂಬ ಹೆಸರು ಬಂದದ್ದೇ ಹಾಗೆ. ಇವತ್ತಿನ ಡಿಸ್ಕ್ ಬ್ರೇಕ್ ಒಂದು ಬೆರಳಿಗೆ ಮಾತು ಕೇಳುತ್ತದೆ, ಆದರೆ ಉದ್ದನೆಯ ಇಳಿತದಲ್ಲಿ ಉದ್ದಕ್ಕೂ ಎಳೆದುಕೊಂಡೇ ಹೋದರೆ ಅದೂ ಕಾಯುತ್ತದೆ. ಹಿಡಿಯಬೇಕಾದಲ್ಲಿ ಗಟ್ಟಿಯಾಗಿ ಹಿಡಿದು, ನಂತರ ಪೂರ್ತಿ ಬಿಡಿ.

ಹಂತ 6: ಚಕ್ರ ಎತ್ತುವುದು, ಅರ್ಧ ಪೆಡಲ್ ತುಳಿಯುವುದು

ಒಂದು ಒಣ ಕೊಂಬೆಯನ್ನು ನೆಲದ ಮೇಲಿಡಿ. ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಬನ್ನಿ. ಕೊಂಬೆಗೆ ಮುಂಚೆ ಮೊಣಕೈ ಮಂಡಿ ಮಡಚಿ ಫೋರ್ಕನ್ನು ಕೆಳಗೆ ಒತ್ತಿ, ಅದು ಮೇಲಕ್ಕೆ ಬರುವಾಗಲೇ ಸೊಂಟವನ್ನು ಹಿಂದಕ್ಕೆ ಸರಿಸಿ. ತೋಳುಗಳು ನೇರವಾಗುತ್ತಿದ್ದಂತೆ ಮುಂದಿನ ಚಕ್ರ ಏಳುತ್ತದೆ. ತೋಳಿನ ಬಲದಿಂದ ಜಗ್ಗುವವರಿಗೆ ಎರಡನೆಯ ಸಲಕ್ಕೇ ಸುಸ್ತು; ಎತ್ತುವ ಕೆಲಸ ಸೊಂಟದ್ದು. ಹಿಂದಿನ ಚಕ್ರ ಕೊಂಬೆಗೆ ಬರುವಾಗ ಮೈಯನ್ನು ಮುಂದಕ್ಕೆ ತಂದು ಕಾಲುಗಳನ್ನು ಹಗುರ ಮಾಡಿದರೆ ಅದು ತಾನೇ ಹತ್ತಿಕೊಂಡು ಬರುತ್ತದೆ.

ಅರ್ಧ ಪೆಡಲ್ ಇನ್ನೂ ಸುಲಭ, ಉಪಯೋಗ ಮಾತ್ರ ಅಪಾರ. ಪೆಡಲನ್ನು ಪೂರ್ತಿ ಸುತ್ತಿಸದೆ, ಕಾಲು ಭಾಗ ಮುಂದೆ ತುಳಿದು, ಮತ್ತೆ ಹಿಂದಕ್ಕೆ ತಿರುಗಿಸಿಕೊಂಡು, ಮತ್ತೆ ತುಳಿಯುವುದು. ಪೆಡಲ್ ಕೆಳಗೆ ಇಳಿಯುವುದೇ ಇಲ್ಲವಾದ್ದರಿಂದ ಎರಡೂ ಪಕ್ಕ ಕಲ್ಲು ನಿಂತಿರುವ ಸಂದಿಯಲ್ಲಿ ಇದೊಂದೇ ದಾರಿ.

ಹಂತ 7: ಮೊದಲು ನಡೆದು ನೋಡಿ

ಕಾಡಿಗೆ ಬಂದಿರಿ. ಅನೇಕ ಕಡೆ ಟ್ರೇಲ್‌ಗಳಿಗೆ ಕಷ್ಟದ ಗುರುತು ಹಾಕಿರುತ್ತಾರೆ: ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಠಿಣ. ಇಷ್ಟೆಲ್ಲ ಅಭ್ಯಾಸದ ನಂತರವೂ ಮೊದಲು ಹಸಿರು, ನೀಲಿ ದಾರಿಗಳಲ್ಲೇ ಕೆಲವು ವಾರ ಕಳೆಯಿರಿ.

ಗೊತ್ತಿಲ್ಲದ ಕಲ್ಲುಗಳ ತುಣುಕು ಎದುರಾದರೆ ಸೈಕಲ್ ಇಳಿದು, ಅದನ್ನು ಕೊನೆಯಿಂದ ಮೊದಲಿನವರೆಗೆ ನಡೆದು ನೋಡಿ. ಕೊನೆಯಿಂದ ಏಕೆಂದರೆ, ಎಲ್ಲಿ ಹೊರಗೆ ಬರಬೇಕೆಂಬುದು ತೀರ್ಮಾನವಾದರೆ ಎಲ್ಲಿ ಒಳಗೆ ಹೋಗಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಅಲುಗಾಡುವ ಕಲ್ಲುಗಳನ್ನು ಕಾಲಿನಿಂದ ಒತ್ತಿ ಗುರುತಿಸಿ. ನೆಲದಲ್ಲಿ ಹೂತ ದೊಡ್ಡ ಕಲ್ಲಿನ ಬೆನ್ನು ಸಣ್ಣ ಉರುಳುಗಲ್ಲುಗಳ ಪಕ್ಕದ ಜಾಡಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಹೊಸಬರು ಕಲ್ಲನ್ನು ತಪ್ಪಿಸಲು ಸುತ್ತುಬಳಸಿ ಹೋಗುತ್ತಾರೆ. ಅಂಕುಡೊಂಕು ಹೆಚ್ಚಾದಷ್ಟೂ ತೂಕ ತಪ್ಪುವ ಅವಕಾಶ ಹೆಚ್ಚು. ಸಾಧ್ಯವಾದಷ್ಟು ನೇರವಾದ ಜಾಡನ್ನೇ ಆರಿಸಿ.

ಹಂತ 8: ಕಲ್ಲುಗಳ ನಡುವೆ

ನಾನು ಮತ್ತೆ ಮತ್ತೆ ಹೋಗುವ ಒಂದು ತುಣುಕನ್ನು ಹೇಳುತ್ತೇನೆ. ಉದ್ದ ಇಪ್ಪತ್ತು ಅಡಿ. ಮೊದಲಿಗೆ ಎಡಕ್ಕೆ ವಾಲಿದ ಚಪ್ಪಟೆ ಕಲ್ಲು. ಅದರಾಚೆ ಅಂಗೈ ಅಗಲದ ಸಂದಿ, ತರಗೆಲೆ ತುಂಬಿ ಆಳವೇ ತಿಳಿಯದಂಥದ್ದು. ಮೂರನೆಯದು ಆಮೆಯ ಬೆನ್ನಿನಂತಿರುವ ಗುಂಡುಕಲ್ಲು. ಅದರ ಬಲ ಹೆಗಲಿನ ಮೇಲೆ ಹಿಂದೆ ಹೋದವರ ಟೈರುಗಳ ಕಪ್ಪು ಗೆರೆ. ಆಮೇಲೆ ತೆರೆದ ಮಣ್ಣು, ಒಂದು ಮರ.

ಹದಿನೈದು ಅಡಿ ಮೊದಲೇ ವೇಗ ಇಳಿಸಿ, ಮಧ್ಯದ ಗೇರಿಗೆ ಬಂದು, ಸೀಟು ತಗ್ಗಿಸಿ, ಪೆಡಲ್ ಸಮ ಮಾಡಿಕೊಳ್ಳುತ್ತೇನೆ. ಮೊದಲ ಕಲ್ಲಿಗೆ ಚಕ್ರ ಮುಟ್ಟುವ ಹೊತ್ತಿಗೆ ಬ್ರೇಕ್ ಬಿಟ್ಟಾಗಿರುತ್ತದೆ. ಕಣ್ಣು ಅಷ್ಟರಲ್ಲೇ ಆಮೆಕಲ್ಲಿನ ಬಲ ಹೆಗಲಿನ ಮೇಲಿರುತ್ತದೆ. ವಾಲಿದ ಕಲ್ಲಿನ ಮೇಲೆ ಸೈಕಲ್ ಎಡಕ್ಕೆ ವಾಲುತ್ತದೆ, ಮೈಯನ್ನು ನೆಟ್ಟಗೆ ಇಟ್ಟು ಅದನ್ನು ವಾಲಲು ಬಿಡುತ್ತೇನೆ. ಸಂದಿಯ ಮುಂದೆ ಮುಂದಿನ ಚಕ್ರವನ್ನು ಕೊಂಚ ಹಗುರ ಮಾಡುತ್ತೇನೆ, ಎತ್ತುವುದೂ ಬೇಡ. ಆಮೆಕಲ್ಲಿಗೆ ಚಕ್ರ ಹತ್ತುವಾಗ ಮೊಣಕೈ ಮಡಚಿಕೊಳ್ಳುತ್ತದೆ, ಇಳಿಯುವಾಗ ಚಾಚಿಕೊಳ್ಳುತ್ತದೆ. ತಲೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಗುತ್ತದೆ, ಕೆಳಗೆ ಸೈಕಲ್ ಮಾತ್ರ ದಡದಡ ಎನ್ನುತ್ತದೆ. ಆ ಹೊತ್ತಿಗೆ ಕಣ್ಣು ಮರದ ಪಕ್ಕದ ಖಾಲಿ ಮಣ್ಣಿನ ಮೇಲೆ. ಮರದ ಮೇಲೆ ಕಣ್ಣಿಟ್ಟರೆ ಮರಕ್ಕೇ ಹೋಗುತ್ತೀರಿ. ಕಣ್ಣು ಹೋದಲ್ಲಿಗೆ ತಲೆ, ತಲೆ ಹೋದಲ್ಲಿಗೆ ಹೆಗಲು, ಅದರ ಹಿಂದೆ ಚಕ್ರ.

ವೇಗ ಎಷ್ಟಿರಬೇಕು? ಚಕ್ರ ಒಂದು ಕಲ್ಲಿಗೆ ತಾಗಿ ಸ್ವಲ್ಪ ವೇಗ ಕಳೆದುಕೊಂಡ ನಂತರವೂ ಮುಂದಿನ ಕಲ್ಲನ್ನು ದಾಟುವಷ್ಟು. ಬಹಳ ನಿಧಾನವಾದರೆ ಪ್ರತಿ ಕಲ್ಲೂ ಒಂದು ಗೋಡೆ. ಉಸಿರು ಬಿಗಿಹಿಡಿಯಬೇಡಿ, ಕಲ್ಲುಗಳಿಗೆ ಪ್ರವೇಶಿಸುವಾಗ ಬೇಕೆಂದೇ ಉಸಿರು ಹೊರಗೆ ಬಿಡಿ, ಹೆಗಲು ತಾನಾಗಿ ಇಳಿಯುತ್ತದೆ.

ಹಂತ 9: ಕಲ್ಲಿನ ಏರು

ಏರಿನಲ್ಲಿ ಎರಡು ಕಷ್ಟ: ಮುಂದಿನ ಚಕ್ರ ಮೇಲೇಳುತ್ತದೆ, ಹಿಂದಿನದು ಹಿಡಿತ ತಪ್ಪಿ ಸುತ್ತುತ್ತದೆ. ಸೀಟಿನ ಮೂತಿಯ ಮೇಲೆ ಸರಿದು ಕುಳಿತು, ಎದೆಯನ್ನು ತಗ್ಗಿಸಿ, ಮೊಣಕೈಯನ್ನು ಕೆಳಕ್ಕೆ ಇಳಿಬಿಟ್ಟರೆ ಎರಡೂ ಚಕ್ರಕ್ಕೆ ಭಾರ ಸಿಗುತ್ತದೆ. ಹಗುರವಾದ ಗೇರ್ ಬೇಕು, ತೀರಾ ಹಗುರ ಬೇಡ. ಕಾಲು ಗಾಳಿಯಲ್ಲಿ ತಿರುಗಿದಂತಾದರೆ ಕಲ್ಲು ಹತ್ತುವ ಒಂದು ತುಳಿತಕ್ಕೆ ಬಲ ಉಳಿಯುವುದಿಲ್ಲ. ಕಲ್ಲಿನ ಮೆಟ್ಟಿಲು ಬಂದಾಗ ಮುಂದಿನ ಚಕ್ರವನ್ನು ಅದರ ಮೇಲಿಟ್ಟು, ಕ್ಷಣ ತಡೆದು, ಮೈಯನ್ನು ಮುಂದಕ್ಕೆ ಹಾಕುತ್ತ ಒಂದು ಗಟ್ಟಿ ತುಳಿತ ಕೊಡಿ. ಗೇರನ್ನು ಏರಿಗೆ ಮೊದಲೇ ಬದಲಿಸಿ. ಪೂರ್ತಿ ಬಲ ಹಾಕಿ ತುಳಿಯುವಾಗ ಬದಲಿಸಿದರೆ ಚೈನ್ ತುಂಡಾಗಬಹುದು.

ಹಂತ 10: ಬಂಡೆಯ ಮೆಟ್ಟಿಲು ಇಳಿಯುವುದು

ಮೊಣಕಾಲೆತ್ತರಕ್ಕಿಂತ ಕಡಿಮೆಯಿರುವ, ಕೆಳಗೆ ಓರೆಯಾಗಿ ಇಳಿದು ಹೋಗುವ ಮೆಟ್ಟಿಲನ್ನು ಚಕ್ರ ಉರುಳಿಸಿಕೊಂಡೇ ಇಳಿಯಬಹುದು. ಕೆಳಗಿನ ನೆಲ ಗೋಡೆಯಂತೆ ಎದುರಿಗೆ ನಿಂತಿದ್ದರೆ ಅಥವಾ ಚೈನಿನ ಚಕ್ರ ಬಂಡೆಯಂಚಿಗೆ ತಾಗುವಷ್ಟು ಎತ್ತರವಿದ್ದರೆ ಉರುಳಿಸಬೇಡಿ, ಸೈಕಲ್ ಹೊತ್ತು ಇಳಿಯಿರಿ. ಹೊತ್ತು ಇಳಿಯುವುದರಲ್ಲಿ ಅವಮಾನವೇನಿಲ್ಲ. ಪಳಗಿದ ಸವಾರರೂ ಹಾಗೆ ಮಾಡುತ್ತಾರೆ.

ಅಂಚಿಗೆ ಬರುವಾಗ ಎದೆ ತಗ್ಗಿರಲಿ. ಮುಂದಿನ ಚಕ್ರ ಕೆಳಗಿಳಿಯುತ್ತಿದ್ದಂತೆ ತೋಳುಗಳನ್ನು ಚಾಚಿ ಹ್ಯಾಂಡಲ್ಲನ್ನು ಅದರೊಂದಿಗೇ ಕೆಳಕ್ಕೆ ಕಳಿಸಿ, ಸೊಂಟ ಸೀಟಿನ ಹಿಂಭಾಗದ ಮೇಲೆ ಬರಲಿ. ಮೊದಲೇ ಹಿಂದಕ್ಕೆ ಹೋಗಿ ಕುಳಿತುಬಿಟ್ಟರೆ ಚಾಚಲು ತೋಳಿನಲ್ಲಿ ಉದ್ದವೇ ಉಳಿದಿರುವುದಿಲ್ಲ. ಚಕ್ರ ಇಳಿದ ಕ್ಷಣ ಹ್ಯಾಂಡಲ್ ನಿಮ್ಮನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಹ್ಯಾಂಡಲ್ ಮೇಲಿಂದ ಮುಗ್ಗರಿಸುವವರಲ್ಲಿ ಬಹಳ ಮಂದಿಯ ತಪ್ಪು ಇದೇ. ಮುಂದಿನ ಚಕ್ರ ನೆಲ ಮುಟ್ಟುವ ಜಾಗದಲ್ಲಿ ಮುಂದಿನ ಬ್ರೇಕ್ ಬಿಟ್ಟಿರಬೇಕು.

ಮಳೆಯ ನಂತರ

ಒಣ ಬಂಡೆ ಟೈರನ್ನು ಚೆನ್ನಾಗಿ ಹಿಡಿಯುತ್ತದೆ. ಪಾಚಿಗಟ್ಟಿದ ಒದ್ದೆ ಬಂಡೆ, ಸಿಪ್ಪೆ ಸುಲಿದ ಒದ್ದೆ ಬೇರು, ಇವೆರಡೂ ಸೋಪಿನಂತೆ. ಅವುಗಳ ಮೇಲೆ ಬ್ರೇಕ್ ಬೇಡ, ತಿರುವು ಬೇಡ, ಪೆಡಲ್ ತುಳಿತವೂ ಬೇಡ. ಸೈಕಲ್ ನೆಟ್ಟಗಿಟ್ಟು ಸಾಧ್ಯವಾದಷ್ಟು ಬೇರಿಗೆ ಲಂಬವಾಗಿ ದಾಟಿ. ಬೇರಿನ ಉದ್ದಕ್ಕೂ ಓರೆಯಾಗಿ ಹೋದರೆ ಚಕ್ರ ಅದರ ಮೇಲೆ ಜಾರಿ ಪಕ್ಕಕ್ಕೆ ಹೋಗುತ್ತದೆ. ದಾರಿಯ ಮಣ್ಣು ಟೈರಿಗೆ ಅಂಟಿಕೊಂಡು ಬರುವಷ್ಟು ಮೆತ್ತಗಾಗಿದ್ದರೆ ಅವತ್ತು ವಾಪಸು ಹೊರಟುಬಿಡಿ. ಆ ದಿನ ಬಿದ್ದ ಕೊರಕಲು ಒಣಗಿ ತಿಂಗಳುಗಟ್ಟಲೆ ಉಳಿಯುತ್ತದೆ.

ಚೀಲದಲ್ಲಿ ಇರಬೇಕಾದವು, ಬಿದ್ದಾಗ ಮಾಡಬೇಕಾದ್ದು

ಒಂದು ಟ್ಯೂಬ್ (ಟ್ಯೂಬ್‌ಲೆಸ್ ಇದ್ದರೂ), ಸಣ್ಣ ಪಂಪು, ಟೈರ್ ಲಿವರ್, ತೂತು ಮುಚ್ಚುವ ರಬ್ಬರ್ ಪ್ಲಗ್, ಚೈನ್ ಬಿಚ್ಚುವ ಸಲಕರಣೆಯಿರುವ ಮಲ್ಟಿಟೂಲ್, ತುಂಡಾದ ಚೈನನ್ನು ಜೋಡಿಸುವ ಒಂದು ಜೋಡಿ ಕ್ವಿಕ್ ಲಿಂಕ್, ಬ್ಯಾಂಡೇಜು, ಬೇಕೆನ್ನಿಸಿದ್ದಕ್ಕಿಂತ ಹೆಚ್ಚು ನೀರು. ಕಲ್ಲುದಾರಿಯಲ್ಲಿ ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬಂಡೆಗೆ ತಾಗಿ, ಅದನ್ನು ಸೈಕಲ್ಲಿಗೆ ಹಿಡಿದಿಡುವ ಹ್ಯಾಂಗರ್ ಬಾಗುವುದು ಸಾಮಾನ್ಯ. ನಿಮ್ಮ ಸೈಕಲ್ಲಿಗೆ ಹೊಂದುವ ಇನ್ನೊಂದು ಹ್ಯಾಂಗರನ್ನು ಕೊಂಡು ಚೀಲದ ತಳದಲ್ಲಿ ಹಾಕಿಟ್ಟುಬಿಡಿ. ಒಬ್ಬರೇ ಹೋಗುವುದಾದರೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಯಾರಿಗಾದರೂ ತಿಳಿಸಿ ಹೊರಡಿ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂಥದ್ದಲ್ಲ.

ಬಿದ್ದರೆ ತಟ್ಟನೆ ಏಳಬೇಡಿ. ಕುತ್ತಿಗೆ, ಮಣಿಕಟ್ಟು, ಹೆಗಲ ಮೂಳೆ ಒಂದೊಂದಾಗಿ ನೋಡಿಕೊಳ್ಳಿ. ಕುತ್ತಿಗೆಯಲ್ಲಿ ನೋವಿದ್ದರೆ ಅಲುಗಾಡದೆ ಇದ್ದು ನೆರವಿಗೆ ಕರೆಯಿರಿ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಕರಿಕೆ, ಮಂಕು, ಮರೆವು ಏನಾದರೂ ಕಂಡರೆ ಅಂದಿನ ಸವಾರಿ ಅಲ್ಲಿಗೆ ಮುಗಿಯಿತು, ವೈದ್ಯರನ್ನು ಕಾಣಿ. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಫೋಮ್ ಒಮ್ಮೆ ಅದುಮಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಹೊರಗೆ ಬಿರುಕು ಕಾಣದಿದ್ದರೂ ಹೊಸದು ಕೊಳ್ಳಿ.

ದಾರಿಯಲ್ಲಿ ಇತರರು

ನಡೆದುಹೋಗುವವರಿಗೆ ಯಾವಾಗಲೂ ದಾರಿ ಬಿಡಿ. ದೂರದಿಂದಲೇ ದನಿ ಕೊಟ್ಟು, ವೇಗ ಇಳಿಸಿ, ಬೇಕಾದರೆ ಇಳಿದು ನಿಲ್ಲಿ. ಏರು ಹತ್ತುತ್ತಿರುವ ಸೈಕಲ್ಲಿಗೆ ಇಳಿಯುತ್ತಿರುವವರು ಜಾಗ ಕೊಡಬೇಕು. ಕಷ್ಟಪಟ್ಟು ಹತ್ತುವವರು ಕಲ್ಲಿನ ಮೇಲೆ ಒಮ್ಮೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟವೆಂದು ನಿಮಗೆ ಈಗ ಗೊತ್ತಿದೆ. ಕಲ್ಲನ್ನು ತಪ್ಪಿಸಲೆಂದು ಪಕ್ಕದ ಗಿಡಗಳ ಮೇಲೆ ಹೊಸ ದಾರಿ ಮಾಡಬೇಡಿ. ನಾಲ್ಕು ಜನ ಹಾಗೆ ಹೋದರೆ ಕಾಲುದಾರಿ ಬಂಡಿದಾರಿಯಾಗುತ್ತದೆ. ದಾಟಲಾಗದ ಕಲ್ಲನ್ನು ಕಿತ್ತೆಸೆಯಲೂ ಬೇಡಿ. ಇವತ್ತು ಸೈಕಲ್ ತಳ್ಳಿಕೊಂಡು ದಾಟಿ, ಮುಂದಿನ ವಾರ ಮತ್ತೆ ಪ್ರಯತ್ನಿಸಿ.

ಮನೆಗೆ ಬಂದ ಮೇಲೆ ಹತ್ತು ನಿಮಿಷ ಸೈಕಲ್ಲಿಗೆ ಕೊಡಿ. ಚೈನ್ ಒರೆಸಿ ಎಣ್ಣೆ ಬಿಡಿ, ಎಣ್ಣೆ ಡಿಸ್ಕ್ ಮೇಲೆ ಬೀಳದಂತೆ ನೋಡಿಕೊಳ್ಳಿ. ಚಕ್ರಗಳನ್ನು ಒಂದೊಂದಾಗಿ ತಿರುಗಿಸಿ ರಿಮ್ ವಾಲುತ್ತಿದೆಯೇ, ಕಡ್ಡಿ ಸಡಿಲವಾಗಿದೆಯೇ ಪರೀಕ್ಷಿಸಿ. ಕೊನೆಗೆ ಟೈರಿನ ಪಕ್ಕದ ಗೋಡೆಯ ಸುತ್ತ ಹೆಬ್ಬೆರಳನ್ನು ನಿಧಾನವಾಗಿ ಆಡಿಸಿ: ಕಲ್ಲು ಕೊಯ್ದ ಗಾಯ ಅಲ್ಲೇ ಇರುತ್ತದೆ. ಒಳಗಿನ ನೂಲು ಕಾಣುವಷ್ಟು ಆಳವಾಗಿದ್ದರೆ ಆ ಟೈರನ್ನು ಮತ್ತೆ ಕಾಡಿಗೆ ತೆಗೆದುಕೊಂಡು ಹೋಗಬೇಡಿ.